ಕೊನೆಯ ಅಧ್ಯಾಯಕ್ಕೆ ಕೈ ಎತ್ತಿದವರು

"ಎಂಟನೇ ಕ್ಲಾಸು ಅರ್ಧಕ್ಕ ಬಿಟ್ಟು ಓಡಿಹೋದವ್ನು ನೀನು. ಪ್ಯಾಂಟಿನ ಬಣ್ಣ ತಗಿಯೋ ಕೆಲಸ ಕೊಟ್ಟಾರಲ್ಲ, ಅದನ್ನ ನೆಟ್ಟಗ ಮಾಡು. ಇಲ್ಲಿಗೆ ಬಂದು ಕಾದಂಬರಿ ಬಣ್ಣ ತಗೀಬ್ಯಾಡ!"

ಉಜ್ಜಿನಪ್ಪ ಸರ್ ಹೀಗೆಂದಾಗ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮಹಡಿ ಕೋಣೆಯಲ್ಲಿ ಸೇರಿದ್ದವರೆಲ್ಲ ನಕ್ಕರು. ನಗಬಾರದೆಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡವರ ನಗೆಯೇ ಹೆಚ್ಚು ಕೇಳಿಸಿತು.

ಮಾರೇಶ ಎದ್ದು ನಿಂತಿದ್ದ. ನಿಂತವನಿಗೆ ಈಗ ಕೂರಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ. ಜೀನ್ಸ್ ತೊಳೆಯುವ ಯೂನಿಟ್ಟಿನಲ್ಲಿ ಬಣ್ಣದ ನೀರಿಗೆ ಅದ್ದಿ ಅದ್ದಿ ಉಗುರಿನ ಬುಡದವರೆಗೂ ನೀಲಿಗಟ್ಟಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ನಾನೇನು ತಪ್ಪು ಕೇಳಿದೆ ಸರ್? ಇನ್ನೊಂದ್ಸಲ ಕೈ ಎತ್ತಿಸ್ರಿ ಅಂದೆ. ಅಷ್ಟ."

"ಯಾಕಪ್ಪಾ ಎತ್ತಿಸ್ಬೇಕು? ಹೋದ ತಿಂಗಳು ಎಲ್ಲಾರ್ಗಿಂತ ಮೊದ್ಲು ಎದ್ದಿದ್ದು ನಿಂದ ನೀಲಿ ಕೈ. ನೋಡ್ರಿ, ಈಗ ಹೆಂಗ ಬೆನ್ನ ಹಿಂದ ಮುಚ್ಚಿಟ್ಕೊಂಡಾನ!"

ಈ ಸಲ ಯಾರೂ ಬಾಯಿಗೆ ಕೈ ಇಟ್ಟುಕೊಳ್ಳಲಿಲ್ಲ. ಆ ಮಾತು ನಿಜವಾಗಿತ್ತು. ಸುಳ್ಳಾಗಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ಅಲ್ಲಿ ಸೇರುತ್ತಿದ್ದವರು ಹಳೆಯ ಪತ್ತೇದಾರಿ ಕಾದಂಬರಿಗಳ ಓದುಗರು. ಕಾಲೇಜಿನಿಂದ ನಿವೃತ್ತರಾದ ಉಜ್ಜಿನಪ್ಪ ಸರ್ ಕಟ್ಟಿದ ಬಳಗ. ತಿಂಗಳಿಗೊಂದು ಭಾನುವಾರ, ಒಂದು ಹಳೆಯ ಪುಸ್ತಕ. ಅವರದೊಂದು ನಿಯಮವಿತ್ತು: ಕೊನೆಯ ಅಧ್ಯಾಯವನ್ನು ಯಾರೂ ಮುಂಚಿತವಾಗಿ ಓದುವಂತಿಲ್ಲ. ಆ ಹಾಳೆಗಳಿಗೆ ದಾರ ಸುತ್ತಿ ಗಂಟು ಹಾಕಿರುತ್ತಿದ್ದರು. ಮೊದಲು ವಾದ. ಬ್ಯಾಂಕಿನ ಸುನಂದಾ ಮೇಡಂ ಯಾವ ಕಥೆಯಾದರೂ ಸರಿ, ಡಾಕ್ಟರನ ಮೇಲೇ ಅನುಮಾನಪಡುವರು. "ಪೇಜು ತುಂಬ್ಸಾಕ ಒಂದು ಹೆಣ ಜಾಸ್ತಿ ಹಾಕ್ಯಾನ್ರೀ, ಮೊದ್ಲು ಬರದವನ್ನ ಹಿಡೀರಿ" ಎಂದು ಪ್ರೆಸ್ಸಿನ ಗವಿಸಿದ್ದೇಶ ಲೇಖಕನನ್ನೇ ಕಟಕಟೆಗೆ ಹತ್ತಿಸುವನು. ವಾದ ಮುಗಿದ ಮೇಲೆ, ಕೊಲೆಗಾರ ಯಾರೆಂದು ಹೆಸರು ಕೂಗಿದಂತೆ ಕೈ ಎತ್ತಬೇಕು. ಆಮೇಲೆ ದಾರ ಬಿಚ್ಚಿ ಕೊನೆಯ ಅಧ್ಯಾಯ ಓದುವುದು. ಸೋತವರು ಗೆದ್ದವರಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನಿಸಬೇಕು.

ಮಾರೇಶ ಒಗ್ಗರಣಿ ಕೊಡಿಸಿದ್ದು ಅಪರೂಪ. ಇಪ್ಪತ್ತನಾಲ್ಕು ವರ್ಷದ ಈ ಹುಡುಗ ಬಾಯಿ ಬಿಟ್ಟರೆ ಇಡೀ ಬಳ್ಳಾರಿಯಲ್ಲಿ ನಾಲ್ಕು ಜನ ಕಿವಿಗೊಡುತ್ತಿದ್ದ ಜಾಗ ಅದೊಂದೇ.

ಕಳೆದ ತಿಂಗಳು ಉಜ್ಜಿನಪ್ಪ ಸರ್ ಬೇರೆಯದೇ ಪುಸ್ತಕ ತಂದರು. ಪುಸ್ತಕವಲ್ಲ, ವಾರಪತ್ರಿಕೆಯಿಂದ ಕತ್ತರಿಸಿದ ಹಾಳೆಗಳ ಕಟ್ಟು. ಕುರುಗೋಡಿನ ಮರಿಬಸಪ್ಪ ಎಂಬ ಲೇಖಕ ಬರೆಯುತ್ತ ಬರೆಯುತ್ತಲೇ ತೀರಿಕೊಂಡಿದ್ದ ಧಾರಾವಾಹಿ, 'ಗಿರಣಿ ಮನೆಯ ಕೊಲೆ'. ದಾರ ಕಟ್ಟೋಣವೆಂದರೆ ಅದಕ್ಕೆ ಕೊನೆಯ ಹಾಳೆಗಳೇ ಇರಲಿಲ್ಲ. ಆದರೂ ಆಟ ಆಟವೇ. ವಾದ ನಡೆಯಿತು, ಕೈಗಳು ಎದ್ದವು. ಒಬ್ಬರೂ ತಪ್ಪದೆ ಎಲ್ಲರ ಕೈ ಒಂದೇ ಹೆಸರಿಗೆ: ಮನೆಗೆಲಸದ ಹೊನ್ನೂರಮ್ಮ. "ಇಷ್ಟು ಜನ ಪಳಗಿದ ಓದುಗರು ಒಂದ ಮಾತು ಹೇಳಿದ ಮ್ಯಾಲೆ ಮರಿಬಸಪ್ಪನವರು ಬದುಕಿದ್ರೂ ಇದನ್ನ ಬರೀತಿದ್ರು" ಎಂದು ಸರ್ ಆವೇಶದಿಂದ ಹೇಳಿ, ಎರಡೇ ವಾರದಲ್ಲಿ ಕೊನೆಯ ಅಧ್ಯಾಯ ಬರೆದು ಪ್ರೆಸ್ಸಿಗೂ ಕಳಿಸಿಬಿಟ್ಟರು. ಒಗ್ಗರಣಿ-ಮಿರ್ಚಿಯ ಆಸೆಗೆ ಎತ್ತಿದ ಕೈ ತೀರ್ಪಾಗಿ ಅಚ್ಚಿಗೆ ಹೋಯಿತು.

ಈಗ ಅದನ್ನು ತಡೆಯಬೇಕೆಂದು ಮಾರೇಶ ಎದ್ದು ನಿಂತಿದ್ದ. ಯಾಕೆಂದು ಮಾತ್ರ ಹೇಳಲಾರ.

"ಅಲ್ಲಲೇ ಮಾರೇಶ," ಗವಿಸಿದ್ದೇಶ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಕೇಳಿದ, "ನಿನಗ್ಯಾಕೋ ಇಷ್ಟು ಸಂಕಟ? ಹೊನ್ನೂರಮ್ಮ ಏನು ನಿಮ್ಮಕ್ಕೇನು?"

ಮುಂದಿನ ಕ್ಷಣದಲ್ಲಿ ಗವಿಸಿದ್ದೇಶನ ಅಂಗಿಯ ಕಾಲರು ಮಾರೇಶನ ಮುಷ್ಟಿಯಲ್ಲಿತ್ತು, ಕುರ್ಚಿ ನೆಲದ ಮೇಲಿತ್ತು. ಬಿಡಿಸಲು ನಾಲ್ವರು ಬೇಕಾಯಿತು.

*

ಅವನಿಗೆ ಹದಿಮೂರು ವರ್ಷವಿದ್ದಾಗ ಅಕ್ಕ ಜಡೆಮ್ಮ ಇದೇ ಸತ್ಯನಾರಾಯಣಪೇಟೆಯ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಅವ್ವ ಅಪ್ಪ ಇಬ್ಬರೂ ಇಲ್ಲದ ತಮ್ಮನನ್ನು ಊರು ಹಚ್ಚೊಳ್ಳಿಯಿಂದ ಕರೆತಂದು ಶಾಲೆಗೆ ಹಾಕಿದ್ದಳು. ಆ ಮನೆಯವರು ಓದಿ ಎಸೆದ ವಾರಪತ್ರಿಕೆ ಅವಳ ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿತ್ತು. ಅವಳು ರೊಟ್ಟಿ ಬಡಿಯುತ್ತಿದ್ದರೆ ಅವನು ಎದುರಿಗೆ ಕೂತು 'ಗಿರಣಿ ಮನೆಯ ಕೊಲೆ' ಓದಬೇಕು. ಹತ್ತಿ ಗಿರಣಿಯ ಸಾಹುಕಾರ ಬೀಗ ಹಾಕಿದ ಕೋಣೆಯಲ್ಲಿ ಸತ್ತುಬಿದ್ದಿದ್ದಾನೆ. ಅಳಿಯನ ಮೇಲೆ ಅನುಮಾನ, ಗುಮಾಸ್ತನ ಮೇಲೆ ಅನುಮಾನ. ಕೀಲಿಕೈ ಮಾತ್ರ ಹೊನ್ನೂರಮ್ಮನ ಸೊಂಟದಲ್ಲಿ.

"ಅಕೀ ಅಲ್ಲ ಬಿಡು," ಜಡೆಮ್ಮ ರೊಟ್ಟಿ ತಿರುವಿ ಹಾಕುತ್ತ ಹೇಳುವಳು. "ನಂಬಿ ಕೀಲಿ ಕೊಟ್ಟವ್ರ ಮನಿಯಾಗ ಯಾರಾದ್ರೂ ಹಂಗ ಮಾಡ್ತಾರೇನು?"

ಹಾಗೆನ್ನುತ್ತಿದ್ದವಳ ಮೇಲೇ ಒಂದು ದಿನ ಕಳ್ಳತನದ ಮಾತು ಬಂತು. ಆ ಮನೆಯ ಬೀರುವಿನಲ್ಲಿದ್ದ ಬಂಗಾರದ ಬಳೆ ಕಾಣಲಿಲ್ಲ. ಬೀರುವಿನ ಕೀಲಿ ಇರುತ್ತಿದ್ದುದು ಜಡೆಮ್ಮನ ಹತ್ತಿರ. ಬೆಳಗಿನಿಂದ ಸಂಜೆಯ ತನಕ ಅವಳನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಬಳೆ ಸಿಗಲಿಲ್ಲ. ಕದ್ದಳೆಂದು ತೋರಿಸಲು ಯಾರಿಂದಲೂ ಆಗಲಿಲ್ಲ. ಕದ್ದಿಲ್ಲವೆಂದು ಹೇಳುವ ಪುಣ್ಯಾತ್ಮನೂ ಬರಲಿಲ್ಲ. "ಹೋಗು" ಎಂದರು, ಬಂದಳು. ಗೊತ್ತಾಗಿದ್ದ ಮದುವೆ ಮುರಿಯಿತು. ಮಾರೇಶನ ಶಾಲೆ ಅಲ್ಲಿಗೇ ನಿಂತಿತು. ಹಚ್ಚೊಳ್ಳಿಗೆ ಮರಳಿದ ಮೇಲೆ ನಾಟಿಗೆ ಹೋದರೂ ಕಳೆಗೆ ಹೋದರೂ ಜೊತೆಯ ಹೆಂಗಸರ ಬಾಯಲ್ಲಿ ಅವಳು 'ಬಂಗಾರಮ್ಮ'.

ಅದೇ ಹೊತ್ತಿಗೆ ಕುರುಗೋಡಿನಲ್ಲಿ ಮರಿಬಸಪ್ಪ ಸತ್ತ. ಪೊಲೀಸರು ಹೊನ್ನೂರಮ್ಮನನ್ನು ತಂದು ಠಾಣೆಯ ಬೆಂಚಿನ ಮೇಲೆ ಕೂರಿಸಿದಲ್ಲಿಗೆ ಕಥೆ ನಿಂತುಹೋಯಿತು.

"ಆ ಮನುಷ್ಯ ಇನ್ನೊಂದು ವಾರ ಬದುಕಿದ್ರ ಅಕೀನ ಬೆಂಚಿನ ಮ್ಯಾಲಿಂದ ಎಬ್ಬಿಸ್ತಿದ್ದ" ಎಂದು ಜಡೆಮ್ಮ ಇವತ್ತಿಗೂ ಹೇಳುತ್ತಾಳೆ. ದೇವರ ವಿಚಾರ ಹೇಳುವಷ್ಟು ನಂಬಿಕೆಯಿಂದ ಹೇಳುತ್ತಾಳೆ. ತಮ್ಮ ಬಳ್ಳಾರಿಯಲ್ಲಿ ಓದಿದವರ ಬಳಗ ಸೇರಿದ್ದಾನೆ, ಮುಂದಿನ ಸಭೆಯಲ್ಲಿ ಅದೇ ಕಥೆಯ ವಾದವಿದೆ ಎಂದು ಕೇಳಿದ ದಿನ ಫೋನಿನಲ್ಲಿ ಅವಳ ಧ್ವನಿಯೇ ಬೇರೆಯಾಗಿತ್ತು. "ನೀ ಹೇಳಲೇ ಅಲ್ಲಿ, ಅಕೀ ಪರವಾಗಿ. ಬಾಯಿ ಇದ್ದವ್ನು ನೀನೊಬ್ಬನ ಅದಿ ನಮ್ಮ ಮನಿಯಾಗ."

ಹೇಳಬೇಕೆಂದೇ ಹೋಗಿದ್ದ. ಆದರೆ ವಾದ ಏರುತ್ತ ಏರುತ್ತ ಅವನೊಳಗಿನ ಓದುಗ ಎದ್ದು ಕೂತಿದ್ದ. ಅಳಿಯ ಊರಲ್ಲಿರಲಿಲ್ಲ. ಗುಮಾಸ್ತನಿಗೆ ಕುಂಟು. ಕಿಟಕಿಗೆ ಸರಳು. "ಕೊನೀಗೆ ಉಳಿಯೋದೊಂದ ಪ್ರಶ್ನೆ. ಕೀಲಿ ಯಾರ ಹತ್ರ ಇತ್ತು?" ಎಂದು ಸರ್ ಕೇಳಿದರು. ಅವನಿಗೆ ಗೊತ್ತಾಗುವ ಮೊದಲೇ ಅವನ ಕೈ ಮೇಲಿತ್ತು.

ಕೈ ಇಳಿಸಿದ ಮೇಲೆ ಹೊಳೆಯಿತು, ಬೀರುವಿನ ಕೀಲಿಯೂ ಅಕ್ಕನ ಹತ್ತಿರವೇ ಇತ್ತು. ಹೊಳೆದದ್ದು ಒಂದೇ ಸಲಕ್ಕೆ ಮುಗಿಯಲಿಲ್ಲ. ಯೂನಿಟ್ಟಿನ ಮಷೀನು ಗರಗರ ತಿರುಗುವಾಗ, ಊಟದ ಡಬ್ಬಿ ತೆರೆಯುವಾಗ, ಬಸ್ಸಿನಲ್ಲಿ ತೂಕಡಿಸುವಾಗ ಬಂದು ಬಂದು ಕುಕ್ಕಿತು. ಬರೀ ಆಟಕ್ಕೆ ಎತ್ತಿದೆನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹಾಗಿದ್ದರೆ ಕೀಲಿ ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ ಅಷ್ಟು ಸಲೀಸಾಗಿ ಯಾಕೆ ಎದ್ದಿತು? ಇಷ್ಟು ವರ್ಷ ಅದು ಎಲ್ಲಿ ಕಾದು ಕೂತಿತ್ತು? ಈ ಪ್ರಶ್ನೆ ಬಂದಾಗಲೆಲ್ಲ ಎದುರಿಗೆ ಸಿಕ್ಕವರೊಡನೆ ಜಗಳಕ್ಕೆ ಬೀಳುತ್ತಿದ್ದ. ಸೂಪರ್‌ವೈಸರ್ ಎರ್ರಣ್ಣ ಎರಡು ಸಲ ಗೇಟು ತೋರಿಸಿದ್ದ.

*

ಜಗಳವಾದ ಭಾನುವಾರ ಮೆಟ್ಟಿಲಿಳಿದು ಬಂದ ಗವಿಸಿದ್ದೇಶ, ಕಿತ್ತುಬಂದ ಗುಂಡಿ ಕೈಯಲ್ಲಿ ಹಿಡಿದುಕೊಂಡೇ ಅವನ ಹತ್ತಿರ ನಿಂತ.

"ತಮಾಷೆಗೆ ಅಂದ್ನೋ ಮಾರಾಯ. ಹಿಂಗ ಮೈಮ್ಯಾಲೆ ಬೀಳ್ತಾರೇನು?" ಎಂದು ಗೊಣಗಿ, ಬಳಿಕ ಧ್ವನಿ ಇಳಿಸಿದ. "ಕೇಳಿಲ್ಲಿ. ಕೊನೇ ಪೇಜುಗಳ ಫಾರಂ ಇನ್ನೂ ಅಚ್ಚಿನ ಮಷೀನಿಗೆ ಹಾಕಿಲ್ಲ. ಬುಧವಾರ ಹಾಕ್ತೀನಿ. ಬ್ಯಾರೆ ಅಧ್ಯಾಯ ಇದ್ರ ತೊಗೊಂಬಾ. ಮರಿಬಸಪ್ಪನವ್ರ ಹೆಂಡ್ತಿ ಒಪ್ಪಿದ್ರ ಉಜ್ಜಿನಪ್ಪ ಸರ್ ಏನು, ಅವರಪ್ಪ ಬಂದ್ರೂ ನಾ ಅದನ್ನ ಹಾಕ್ತೀನಿ. ಮುಂದಿನ ಭಾನುವಾರ ಕುರುಗೋಡಿನಾಗ ಬಿಡುಗಡೆ ಐತಿ, ತಡ ಮಾಡಬ್ಯಾಡ."

ಸೋಮವಾರ ಊಟದ ಬಿಡುವಿನಲ್ಲಿ ಮಾರೇಶ ಬರೆಯಲು ಕೂತ. ಜೀನ್ಸ್ ಬಂಡಲುಗಳ ಮೇಲೆ ಕಾಗದ ಹರಡಿಕೊಂಡು ಹೊನ್ನೂರಮ್ಮನನ್ನು ಬೆಂಚಿನಿಂದ ಎಬ್ಬಿಸಲು ನೋಡಿದ. ಅಳಿಯನನ್ನು ಊರಿಗೆ ಕರೆಸಿದ. ಕರೆಸಿದರೆ ಮೂರನೇ ಕಂತಿನಲ್ಲಿ ಅವನು ರೈಲಿನಲ್ಲಿದ್ದದ್ದನ್ನು ನೋಡಿದ ಸಾಕ್ಷಿ ಸುಳ್ಳಾಗುತ್ತಿತ್ತು. ಗುಮಾಸ್ತನಿಂದ ಗೋಡೆ ಹಾರಿಸಿದ. ಕುಂಟು ಕಾಲು ಅಡ್ಡ ಬಂತು. ಇನ್ನೊಂದು ಕೀಲಿ ಮಾಡಿಸಿದ. ಆ ಬೀಗಕ್ಕೆ ಇನ್ನೊಂದು ಕೀಲಿ ಮಾಡಲಾಗದೆಂದು ಮರಿಬಸಪ್ಪ ಬರೆದೇ ಬಿಟ್ಟಿದ್ದ. ಹೇಗೆ ತಿರುಗಿಸಿದರೂ ಕೀಲಿಕೈ ಜಾರಿ ಜಾರಿ ಬಂದು ಅದೇ ಹೆಂಗಸಿನ ಸೊಂಟಕ್ಕೇ ಸಿಕ್ಕಿಕೊಳ್ಳುತ್ತಿತ್ತು. ನೂರು ಕೊಲೆ ಬಿಡಿಸಿದ ಬುದ್ಧಿಗೆ ಒಬ್ಬ ಹೆಂಗಸನ್ನು ಬಿಡಿಸಲು ಆಗಲಿಲ್ಲ. ಕಾಗದವನ್ನು ಮುದ್ದೆ ಮಾಡಿ ಬಣ್ಣದ ತೊಟ್ಟಿಗೆ ಒಗೆದ.

ಮಂಗಳವಾರ ಕೆಲಸಕ್ಕೆ ಚಕ್ಕರ್ ಹೊಡೆದು ಕುರುಗೋಡಿಗೆ ಹೋದ.

ಮರಿಬಸಪ್ಪನ ಹೆಂಡತಿ ವೀರಭದ್ರಮ್ಮ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ಹಣೆಯ ತುಂಬ ವಿಭೂತಿ, ಕಣ್ಣಿಗೆ ದಪ್ಪ ಗಾಜು. ಬಳ್ಳಾರಿಯ ಬಳಗದವನೆಂದ ಕೂಡಲೇ ಗೋಣಿಚೀಲ ಸರಿಸಿ ಜಾಗ ಮಾಡಿಕೊಟ್ಟಳು.

"ಬರ್ರಿ, ಬರ್ರಿ. ಪುಸ್ತಕ ತಂದ್ರೇನು?"

"ಇಲ್ರೀ ಅಮ್ಮಾ. ಒಂದು ಮಾತು ಕೇಳಾಕ ಬಂದೀನಿ. ಕೊಂದವರು ಯಾರು ಅಂತ ಯಜಮಾನ್ರು ನಿಮ್ಗ ಹೇಳಿದ್ರೇನು? ಹೊನ್ನೂರಮ್ಮ ಅಲ್ಲ ಅಂತ ಏನಾರ ಬಾಯಿ ಬಿಟ್ಟಿದ್ರೇನು?"

ಮುದುಕಿ ನಕ್ಕಳು. "ಅವರಿಗೇ ಗೊತ್ತಿದ್ದಿಲ್ಲಪ್ಪಾ. ವಾರ ವಾರ ಬರದು ಟಪಾಲಿಗೆ ಹಾಕೋರು. ಊಟಕ್ಕ ಕುಂತಾಗ ನನ್ನ ಕೇಳೋರು, ಈ ವಾರ ಯಾರ ಮ್ಯಾಲೆ ಸಂಶಯ ತರ್ಲಿ ಅಂತ. ನಾನು ಯಾರ ಹೆಸರು ಹೇಳ್ತಿದ್ನೋ ಅವರ ಮ್ಯಾಲೆ ತರೋರು."

ಮಾರೇಶ ಹತ್ತಿರ ಸರಿದ. "ಆ ಕೊನೇ ವಾರ ಯಾರ ಹೆಸರು ಹೇಳಿದ್ರಿ?"

"ಆ ವಾರ ನಮ್ಮನಿ ಕೆಲಸದಾಕಿ ಹೇಳ್ದೆ ಕೇಳ್ದೆ ಕೆಲಸ ಬಿಟ್ಟಿದ್ಲು. ನಂಗ ಸಿಟ್ಟಿತ್ತು. ಅಕೀನ ಕುಂದ್ರಸ್ರಿ ಠಾಣ್ಯಾಗ ಅಂದೆ." ಅವಳು ಒಂದು ಮೆಣಸಿನಕಾಯಿ ಮುರಿದು ಬುಟ್ಟಿಗೆ ಹಾಕಿದಳು. "ಮುಂದಿನ ವಾರ ಇನ್ಯಾರನ್ನೋ ಕುಂದ್ರಸ್ತಿದ್ರೇನೋ. ಅಷ್ಟ್ರಾಗ ಅವರ ಹೋದ್ರು."

ಅಷ್ಟೇ. ಹನ್ನೊಂದು ವರ್ಷದಿಂದ ಜಡೆಮ್ಮ ಕಾಯುತ್ತಿದ್ದ ಸತ್ಯ ಇಷ್ಟೇ ಇತ್ತು, ಒಬ್ಬ ಮುದುಕಿಯ ಒಂದು ದಿನದ ಸಿಟ್ಟು. ಮಾರೇಶನಿಗೆ ಆ ಬುಟ್ಟಿಯನ್ನು ಒದೆಯಬೇಕೆನಿಸಿತು. ಒದೆಯಲಿಲ್ಲ; ಅವಳ ಕಾಲು ಹಿಡಿದ.

"ಅಮ್ಮಾ, ನೀವು ಪ್ರೆಸ್ಸಿಗೊಂದು ಫೋನ್ ಮಾಡ್ರಿ ಸಾಕು. ಅಕೀ ಅಲ್ಲ, ಇನ್ಯಾರಾದ್ರೂ ಆಗ್ಲಿ ಅನ್ರಿ. ಆ ಅಧ್ಯಾಯನ ಬಿಡ್ರಿ ಅನ್ರಿ. ಬೆಂಚಿನ ಮ್ಯಾಲ ಇರ್ಲಿ ಅಕೀ, ಕೊಲೆಗಾತಿ ಆಗೋದು ಬ್ಯಾಡ."

"ಏಳಪ್ಪಾ, ಏಳು. ಹಿಂಗೆಲ್ಲಾ ಕಾಲು ಹಿಡೀಬಾರ್ದು." ವೀರಭದ್ರಮ್ಮ ಗಾಬರಿಯಾದಳು. ಕಣ್ಣಿನ ಗಾಜು ತೆಗೆದು ಒರೆಸಿಕೊಂಡಳು. "ಅರ್ಧ ಪುಸ್ತಕ ಯಾರೂ ಅಚ್ಚು ಹಾಕಲ್ಲಂತ. ಎಷ್ಟು ಮಂದಿ ಹತ್ರ ತಿರುಗೀನಿ ಗೊತ್ತೇನು? ಉಜ್ಜಿನಪ್ಪನೋರೊಬ್ರ ಕೈ ಹಿಡದ್ರು. ನಾ ಕಣ್ಣು ಮುಚ್ಚೋದ್ರಾಗ ಅವರ ಹೆಸರಿನ್ದೊಂದು ಪುಸ್ತಕ ನೋಡ್ತೀನಿ ತಮ್ಮಾ. ಅದಕ್ಕ ನೀ ಅಡ್ಡ ಬರಬ್ಯಾಡ. ಅಕೀ ಏನು ಖರೇ ಮನುಷ್ಯಾಳೇನು? ಕಥಿ."

*

ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ಗುರುವಾರ ಜಡೆಮ್ಮ ಸಿಕ್ಕಳು. ಸಂತೆಗೆಂದು ಹಚ್ಚೊಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದಳು. ತಮ್ಮನನ್ನು ಬಾ ಎಂದು ಕರೆಸಿಕೊಂಡಿದ್ದಳು. ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದುಕೊಂಡಿದ್ದಳು. ಮೊಬೈಲು ಮುಂದೆ ಹಿಡಿದಳು. ಯಾರೋ ಕಳಿಸಿದ ಆಮಂತ್ರಣದ ಚಿತ್ರ: 'ಗಿರಣಿ ಮನೆಯ ಕೊಲೆ, ಪೂರ್ಣ ಕಾದಂಬರಿ.'

"ಮುಚ್ಚಿಟ್ಟಿಯೇನಲೇ ನನ್ನಿಂದ? ಪೂರ್ಣ ಅಂತ ಐತಿ ನೋಡು!"

"ಅದು... ಇನ್ನೂ ಅಚ್ಚಾಗಿಲ್ಲಕ್ಕಾ. ಭಾನುವಾರ ಆಗಂಗಿಲ್ಲ ಅನ್ಸತೈತಿ."

"ಆಗ್ಲಿ ಬಿಡ್ಲಿ, ನಾ ಬರಾಕಿ. ಹೊಸ ಸೀರಿ ತೆಗದಿಟ್ಟೀನಿ."

"ಅಲ್ಲಿ ಎಲ್ಲಾ ದೊಡ್ಡೋರು ಬರ್ತಾರಕ್ಕಾ. ಬ್ಯಾಸರಾಗತೈತಿ ನಿಂಗ. ಪುಸ್ತಕ ನಾ ತಂದು ಕೊಡ್ತೀನಿ."

"ನಾ ಅಲ್ಲೇ ಓದಾಕಿ. ಎಲ್ಲಾರ ಮುಂದ ಕುಂತು ಓದ್ತೀನಿ." ಅವಳು ನಗುತ್ತಲೇ ಹೇಳಿದಳು. ಬಳಿಕ ನಗು ನಿಲ್ಲಿಸಿದಳು. "ನನ್ನ ಬಗ್ಗೆ ಯಾರೂ ಬರಿಯಂಗಿಲ್ಲಲೇ ಮಾರೇಶ. ನನ್ನ ಕೇಸಿಗೆ ಕೊನೇ ಪೇಜಿಲ್ಲ. ಅಕೀಗಾದ್ರೂ ಸಿಕ್ಕೈತಿ. ಅದನ್ನ ಓದಿದ್ರ ನಂಗೂ ಅರ್ಧ ಭಾರ ಇಳಿತೈತಿ."

ಅವನು ಈಗ ಹೇಳಬೇಕಿತ್ತು. ಬಾಯಿ ತೆರೆದ. "ಮಂಡಕ್ಕಿ ತಿಂತಿಯೇನು?" ಎಂದು ಕೇಳಿದ.

*

ಭಾನುವಾರ ಕುರುಗೋಡಿನ ಸಮುದಾಯ ಭವನದಲ್ಲಿ ಫ್ಯಾನುಗಳು ತಿರುಗುತ್ತಿದ್ದರೂ ಸೆಕೆ. ಬಳ್ಳಾರಿಯಿಂದ ಬಳಗದವರೆಲ್ಲ ಬಂದಿದ್ದರು. ಗವಿಸಿದ್ದೇಶ ಮಾರೇಶನನ್ನು ಕಂಡು, ಏನೂ ತರಲಿಲ್ಲವಲ್ಲ ಎಂಬಂತೆ ಕೈ ತಿರುವಿ ತೋರಿಸಿದ. ವೀರಭದ್ರಮ್ಮ ವೇದಿಕೆಯ ಮೇಲೆ ಗಂಡನ ಫೋಟೋದ ಪಕ್ಕ ಕೂತು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತಿದ್ದಳು. ಜಡೆಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಳು, ಹಸಿರು ಸೀರೆ, ಮುಡಿಯಲ್ಲಿ ಒಂದು ಮೊಳ ಕನಕಾಂಬರ. ಪಕ್ಕದಲ್ಲಿ ಮಾರೇಶ. ಬಾಗಿಲಲ್ಲೇ ಒಂದು ಪ್ರತಿ ಕೊಂಡುಕೊಂಡಿದ್ದಳು. ತಮ್ಮ ಹೇಳಿದ್ದ ಬಳಗದ ನಿಯಮದಂತೆ ಕೊನೆಯ ಅಧ್ಯಾಯವನ್ನು ಮುಂಚಿತವಾಗಿ ಓದಬಾರದೆಂದು ಆ ಹಾಳೆಗಳ ನಡುವೆ ಬೆರಳಿಟ್ಟುಕೊಂಡು ಮುಚ್ಚಿದ್ದಳು.

ಉಜ್ಜಿನಪ್ಪ ಸರ್ ಮೈಕಿನ ಮುಂದೆ ನಿಂತರು. ಚೆನ್ನಾಗಿಯೇ ಮಾತಾಡಿದರು. ಅರ್ಧಕ್ಕೆ ನಿಂತ ಕಾದಂಬರಿಯನ್ನು ಮುಟ್ಟುವುದು ಎಷ್ಟು ದೊಡ್ಡ ಧೈರ್ಯ, ಸತ್ತವರ ಕೈಯಿಂದ ಲೇಖನಿ ತೆಗೆದುಕೊಳ್ಳುವುದು ಎಷ್ಟು ದೊಡ್ಡ ಹೊಣೆ ಎಂದರು. "ನಾನೊಬ್ಬನೇ ನಿರ್ಧಾರ ಮಾಡಲಿಲ್ಲ. ನಮ್ಮ ಬಳಗ ಇಡೀ ಕುಳಿತು ವಿಚಾರಣೆ ಮಾಡಿದೆ. ಹೊನ್ನೂರಮ್ಮನೇ ಕೊಲೆಗಾತಿ ಎನ್ನುವುದಕ್ಕೆ ಅಂದು ಸಭೆಯಲ್ಲಿದ್ದ ಪ್ರತಿಯೊಬ್ಬರ ಕೈಯೂ ಎದ್ದಿತ್ತು. ವಿರುದ್ಧ ಒಂದೇ ಒಂದು ಕೈ ಇರಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇನೆ."

ಚಪ್ಪಾಳೆ ಬಿತ್ತು.

ಜಡೆಮ್ಮ ಅತ್ತಿತ್ತ ನೋಡಲಿಲ್ಲ. ಬೆರಳಿಟ್ಟಿದ್ದ ಜಾಗದಲ್ಲಿ ಪುಸ್ತಕ ಬಿಡಿಸಿದಳು. ಭಾಷಣ ನಡೆಯುತ್ತಿತ್ತು, ಅವಳು ಓದುತ್ತಿದ್ದಳು. ತುಟಿ ಅಲ್ಲಾಡಿಸುತ್ತ, ಒಂದೊಂದು ಸಾಲಿನ ಕೆಳಗೂ ಬೆರಳು ಎಳೆಯುತ್ತ ಓದಿದಳು. ಮಾರೇಶ ಆ ಬೆರಳನ್ನೇ ನೋಡುತ್ತಿದ್ದ. ಅದು ಪುಟದ ಕೆಳಗೆ ಬಂದು ನಿಂತಿತು. ಪುಟ ಮಗುಚಿತು. ಮತ್ತೆ ಮೇಲಿನಿಂದ ಇಳಿಯಿತು. ಎಲ್ಲೋ ಒಂದು ಕಡೆ ತಪ್ಪು ಓದಿದೆನೇನೋ ಎಂಬಂತೆ ಅವಳು ಎರಡು ಸಲ ಹಿಂದಕ್ಕೆ ಹೋದಳು.

ಕಾರ್ಯಕ್ರಮ ಮುಗಿದು ಜನ ತಿಂಡಿಗೆಂದು ಅಂಗಳಕ್ಕೆ ಹೋದರು. ಸಾಲು ಕುರ್ಚಿಗಳ ನಡುವೆ ಅವರಿಬ್ಬರೇ ಉಳಿದರು. ಜಡೆಮ್ಮ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ಅಕೀನ ನೇಣಿಗೆ ಹಾಕ್ಯಾರ," ಎಂದಳು.

"ಅಕ್ಕಾ, ಅದು ಉಜ್ಜಿನಪ್ಪ ಸರ್ ಬರದಿದ್ದು. ಮರಿಬಸಪ್ಪ ಬರದಿದ್ದಲ್ಲ."

"ಗೊತ್ತು. ಅವರು ಹೇಳಿದ್ರಲ್ಲ ಮೈಕಿನಾಗ." ಮುಚ್ಚಿದ ಪುಸ್ತಕದ ಮೇಲೆ ಅಂಗೈ ಇಟ್ಟಳು. "ಆವತ್ತು ನೀ ಅಲ್ಲಿದ್ದೇನು?"

"ಇದ್ದೆ."

ಅವಳು ಅವನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಸಿಟ್ಟಿದ್ದರೆ ಅವನು ಎದುರು ಸಿಟ್ಟು ಮಾಡಿ ಬಚಾವಾಗುತ್ತಿದ್ದ. ಹದಿಮೂರು ವರ್ಷದ ಹುಡುಗನನ್ನು ಊಟ ಆಯಿತೇನೋ ಎಂದು ಕೇಳುತ್ತಿದ್ದಾಗಿನ ಮುಖ ಅದು.

"ಎಲ್ಲಾರ ಕೈ ಎದ್ದಿದ್ವು ಅಂದ್ರು," ಎಂದಳು. "ನಿಂದೂ ಎದ್ದಿತ್ತೇನೋ, ಮಾರೇಶ?"

ಇಲ್ಲವೆಂದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು. ನಂಬಲೆಂದೇ ಕೇಳಿದ್ದಳು. ಹೂಂ ಎಂದಿದ್ದರೆ ಅವಳು ಇನ್ನೊಂದು ಮಾತು ಕೇಳುತ್ತಿದ್ದಳು, ಯಾಕೆ ಎಂದು. ಅದಕ್ಕೆ ಉತ್ತರ ಅವನಿಗೇ ಇವತ್ತಿನವರೆಗೆ ಸಿಕ್ಕಿರಲಿಲ್ಲ. ಸಿಗುತ್ತದೆಂಬ ಹೆದರಿಕೆ ಮಾತ್ರ ಇತ್ತು.

ಅವನು ಎದ್ದ. ಮೊಣಕಾಲು ತಾಗಿ ಮುಂದಿನ ಕುರ್ಚಿ ಮಗುಚಿತು, ಎತ್ತಿ ನಿಲ್ಲಿಸಲಿಲ್ಲ. ಅಂಗಳದಲ್ಲಿ ಕಾಗದದ ತಟ್ಟೆ ಹಿಡಿದು ನಿಂತ ಬಳಗದವರ ನಡುವೆ ಭುಜ ತಾಗಿಸಿಕೊಂಡೇ ಹಾದ. "ಏ ಮಾರೇಶ, ಮಿರ್ಚಿ ತಿಂದು ಹೋಗೋ" ಎಂದು ಗವಿಸಿದ್ದೇಶ ಕೂಗಿದ. ಹಿಂದಿನಿಂದ ಇನ್ನೊಂದು ಧ್ವನಿಯೂ ಬಂತು, ಅವನ ಹೆಸರನ್ನೇ ಹಿಡಿದು, ಎರಡು ಸಲ. ಅವನು ಗೇಟು ದಾಟಿ ಬಿಸಿಲಿಗಿಳಿದು, ಬಸ್‌ಸ್ಟ್ಯಾಂಡು ಯಾವ ಕಡೆ ಎಂದೂ ನೋಡದೆ ನಡೆಯುತ್ತಲೇ ಹೋದ.